ಬೆರಳು ಅಳೆಯುವ ಗಂಗರಾಜು

ಅಮೃತೂರಿನ ಗಂಗರಾಜು ತುಮಕೂರಿನಲ್ಲಿ ಮ್ಯಾನುಫ್ಯಾಕ್ಚರಿಂಗ್ ಇಂಜಿನಿಯರಿಂಗ್ ಎಂ.ಟೆಕ್‌ಗೆ ಸೇರಿದ ಮೇಲೆ ನಮಸ್ಕಾರ ಎನ್ನುವುದನ್ನೇ ಮರೆತಿದ್ದಾನೆ. ಎದುರಿಗೆ ಸಿಕ್ಕವರಿಗೆಲ್ಲ ‘ಸ್ವಲ್ಪ ಬೆರಳು ಕೊಡಿ’ ಎನ್ನುತ್ತಾನೆ. ಜೇಬಿನಲ್ಲಿ ಪೆನ್ನಿಲ್ಲದಿದ್ದರೂ ಬೆರಳಿನ ದಪ್ಪ ಅಳೆಯಲು ವರ್ನಿಯರ್ ಕ್ಯಾಲಿಪರ್ ಇರಲೇಬೇಕು. ಕುಣಿಗಲ್ ಬಸ್ಸಿನ ಕಂಡಕ್ಟರು ಟಿಕೆಟ್ ಕೊಡಲು ಕೈ ಚಾಚಿದರೆ ಅವರ ಹೆಬ್ಬೆರಳು ಕ್ಯಾಲಿಪರಿಗೆ ಸಿಕ್ಕಿತೆಂದೇ ಲೆಕ್ಕ. ಗುಬ್ಬಿಗೆ ಹೆಣ್ಣು ನೋಡಲು ಹೋದವನು ಕಾಫಿ ತಂದ ಸುಶ್ಮಿತಾಳ ಮುಖ ಬಿಟ್ಟು ಕಿರುಬೆರಳನ್ನೇ ನೋಡಿದ. ಉಂಗುರದ ಅಳತೆಗಿರಬೇಕೆಂದು ಮನೆಯವರು ಹಿಗ್ಗಿದರು. ‘ಉಂಗುರಕ್ಕಲ್ಲ, ತಗಡು ಒತ್ತೋ ಪ್ರೆಸ್ ಮಿಷಿನ್ ಮುಂದಿನ ಗಾರ್ಡಿಗೆ, ಕೈ ಒಳಗೆ ಹೋಗದಂಗೆ ತಡೆಯೋ ಜಾಲರಿಗೆ. ಎಷ್ಟೇ ಸಣ್ಣ ಬೆರಳಾದ್ರೂ ಅದರ ಸಂದೀಲಿ ತೂರಬಾರ್ದು, ಅದೇ ನನ್ ಪ್ರಾಜೆಕ್ಟು’ ಎಂದು ಅವನು ವಿವರಿಸಿ ಮುಗಿಸುವಷ್ಟರಲ್ಲಿ ಕಾಫಿ ತಣ್ಣಗಾಗಿತ್ತು. ಅಳತೆಗಳೆಲ್ಲ ಪುಸ್ತಕದಲ್ಲೇ ಇವೆಯಲ್ಲಯ್ಯ ಎಂದು ಗೈಡು ನಕ್ಕರೆ, ‘ಅವು ನಮ್ಮೋರ ಬೆರಳಲ್ಲ ಸಾರ್’ ಎನ್ನುತ್ತಾನೆ. ಊರೆಲ್ಲ ಅಳೆದಾದ ಮೇಲೆ ಮೊನ್ನೆ ಅವನ ಅವ್ವ ಚಿಕ್ಕಮಾರಮ್ಮ, ಹಿಂದೆ ಕಾರ್ಖಾನೆಯೊಂದರಲ್ಲಿ ಪ್ರೆಸ್ಸಿಗೆ ತಗಡು ಕೊಡುತ್ತಿದ್ದವಳು, ತಾನಾಗಿಯೇ ಬಲಗೈ ಚಾಚಿದಳು. ಅಳೆದು ಮುಗಿಸಿದವನು ಅಭ್ಯಾಸಬಲದಿಂದ ‘ಆ ಕೈನೂ ಕೊಡವ್ವ’ ಎಂದುಬಿಟ್ಟ. ಸೆರಗಿನೊಳಗಿದ್ದ ಎಡಗೈಯನ್ನು ಆಚೆ ತೆಗೆಯದೆ ಅವಳು ಮೆಲ್ಲಗೆ ಕೇಳಿದಳು: ‘ಅದ್ರಲ್ಲಿ ಅಳ್ಯಾಕೆ ಏನ್ ಉಳ್ದೈತ್ಲಾ, ಮಗಾ?’