ಬಲಗಡೆಯ ಸೀಟು

ಸುಚಿತ್ರಾ ಹುಟ್ಟಿದ್ದು ಮಾಗಡಿ ತಾಲ್ಲೂಕಿನ ತಿಪ್ಪಸಂದ್ರದಲ್ಲಿ, ಸೇರಿದ ಮನೆ ಚನ್ನಪಟ್ಟಣದಲ್ಲಿ. ಗಂಡ ಪ್ರಕಾಶ್ ಕೆಂಗೇರಿಯ ಕಾಲೇಜೊಂದರಲ್ಲಿ ವಾಣಿಜ್ಯ ಕಲಿಸುತ್ತಾನೆ, ದಿನವೂ ರೈಲಿನಲ್ಲಿ ಹೋಗಿ ಬರುತ್ತಾನೆ. ಬೆಳಿಗ್ಗೆ ಅವನನ್ನು ಸ್ಟೇಷನ್ನಿಗೆ ಬಿಟ್ಟು, ಮಗಳು ರಮ್ಯಾಳನ್ನು ಸ್ಕೂಲಿಗೆ ಬಿಟ್ಟು, ಗ್ಯಾಸು, ತರಕಾರಿ, ಹಿಟ್ಟಿನ ಗಿರಣಿ ಎಲ್ಲ ಮುಗಿಸಿ, ಸಂಜೆ ಮತ್ತೆ ಸ್ಟೇಷನ್ನಿನ ಮುಂದೆ ಕಾರು ನಿಲ್ಲಿಸಿಕೊಂಡು ಕಾಯುವವಳು ಸುಚಿತ್ರಾ. ಪ್ರಕಾಶನಿಗೂ ಕಾರು ಓಡಿಸಲು ಬರುತ್ತದೆ. ಕಾಫಿ ಮಾಡಲು ಬರುವ ಹಾಗೆ: ಬರುತ್ತದೆ, ಮಾಡುವುದಿಲ್ಲ.

ಅಕ್ಕೂರಿಗೆ ಹೋಗುವಾಗ ಮಾತ್ರ ಬೇರೆ ಪದ್ಧತಿ. ಅಲ್ಲಿ ಪ್ರಕಾಶನ ತಾಯಿ ವರಲಕ್ಷ್ಮಮ್ಮ ಇದ್ದಾರೆ, ಚಿಕ್ಕಪ್ಪನ ಮಗ ಅನಂತರಾಜು ಇದ್ದಾನೆ, ಜಗಲಿಗಳ ಮೇಲೆ ಊರೇ ಇದೆ. ಊರ ಹೊರಗಿನ ಹಾಲಿನ ಡೇರಿಯ ಹತ್ತಿರ ಸುಚಿತ್ರಾ ಕಾರು ನಿಲ್ಲಿಸುತ್ತಾಳೆ. ಇಬ್ಬರೂ ಇಳಿದು ಸೀಟು ಬದಲಾಯಿಸಿಕೊಳ್ಳುತ್ತಾರೆ. ಉಳಿದ ದಾರಿಯನ್ನು ಪ್ರಕಾಶ್ ಓಡಿಸುತ್ತಾನೆ, ಹಾರ್ನ್ ಮಾಡಿಕೊಂಡು. ಬರುವಾಗ ಅದೇ ಡೇರಿಯ ಹತ್ತಿರ ಮತ್ತೆ ಅದಲುಬದಲು. ಯಾಕೆಂದು ರಮ್ಯಾ ಚಿಕ್ಕವಳಿದ್ದಾಗ ಕೇಳುತ್ತಿದ್ದಳು. ಈಗ ಹತ್ತನೇ ಕ್ಲಾಸು, ಕೇಳುವುದಿಲ್ಲ, ಕಿಟಕಿಯ ಆಚೆ ನೋಡುತ್ತಾಳೆ. ಅತ್ತೆಗೆ ಸೊಸೆ ಕಾರು ಓಡಿಸುವುದು ಗೊತ್ತಿಲ್ಲವೆಂದಲ್ಲ. 'ಪ್ಯಾಟೇಲಿ ತರಕಾರಿಗೆ ಹೋಯ್ತಾಳೆ' ಎಂಬಷ್ಟು ಗೊತ್ತು.

ಇಟಲಿಗೆ ಹೋಗೋಣವೆಂದದ್ದು ಪ್ರಕಾಶ್. ಕಾಲೇಜಿನಲ್ಲಿ ಯಾರೋ ಹೋಗಿ ಬಂದು ಮಾತಾಡಿದ್ದರು. ಹೇಗೆ ಹೋಗುವುದು ಎಂಬುದನ್ನು ಮಧ್ಯಾಹ್ನ ಪಾತ್ರೆ ತೊಳೆದ ಮೇಲೆ ಕೂತು ಗೊತ್ತುಮಾಡಿದವಳು ಸುಚಿತ್ರಾ. ರೋಮಿನಲ್ಲಿ ಕಾರು ಬೇಡ, ಹಳೇ ಪೇಟೆಗಳೊಳಗೆ ಹೊರಗಿನವರ ಗಾಡಿ ಬಿಡುವುದಿಲ್ಲ, ತಿಳಿಯದೆ ನುಗ್ಗಿದರೆ ದಂಡ. ಹಳ್ಳಿಗಾಡಿಗೆ ರೈಲು ನೆಚ್ಚಿಕೊಂಡು ಹೋಗಲಾಗದು, ಬಸ್ಸು ಅಪರೂಪ. ಹಾಗಾಗಿ ರೋಮಿನಿಂದ ಒರ್ವಿಯೆತೊ ಎಂಬ ಊರಿನವರೆಗೆ ರೈಲು, ಅಲ್ಲಿ ಸ್ಟೇಷನ್ನಿನ ಹತ್ತಿರವೇ ಬಾಡಿಗೆ ಕಾರು, ಮೂರು ಹಳ್ಳಿ ಸುತ್ತಿ ಕಾರನ್ನು ಅಲ್ಲೇ ಒಪ್ಪಿಸಿ ಮತ್ತೆ ರೈಲು. ಇಬ್ಬರ ಹೆಸರಿಗೂ ಪರದೇಶದ ಡ್ರೈವಿಂಗ್ ಪರ್ಮಿಟ್ ಮಾಡಿಸಿದಳು.

"ನಿಂಗ್ಯಾಕೆ?" ಎಂದ ಪ್ರಕಾಶ್.

"ಇರ್ಲಿ ರೀ. ನಿಮಗೆ ಸುಸ್ತಾದ್ರೆ."

ಹೊರಡುವ ಮುಂಚೆ ಅಕ್ಕೂರಿಗೆ ಹೋದರು. ವರಲಕ್ಷ್ಮಮ್ಮ ಮಗನ ತಲೆಯ ಮೇಲೆ ಕೈಯಿಟ್ಟು, "ಪರದೇಸದಲ್ಲಿ ಗಾಡಿ ಓಡುಸ್ತೀನಿ ಅಂತೀಯ. ಸುಖವಾಗಿ ಬಂದ್ರೆ ಕಬ್ಬಾಳಮ್ಮಂಗೆ ಪೂಜೆ ಮಾಡುಸ್ತೀನಿ ಅಂತ ಹರಕೆ ಹೊತ್ತೀನಿ ಕಣ್ ಮಗ" ಎಂದರು. ಸೊಸೆಗೆ ಹುರಿಹಿಟ್ಟಿನ ಡಬ್ಬ ಕೊಟ್ಟರು.

ಒರ್ವಿಯೆತೊದಲ್ಲಿ ರೈಲಿಳಿದಾಗ ಬಿಸಿಲಿತ್ತು. ಬಾಡಿಗೆಯವರು ಕೊಟ್ಟದ್ದು ಬಿಳಿ ಬಣ್ಣದ ಪುಟ್ಟ ಕಾರು, ಸ್ಟೇರಿಂಗ್ ಎಡಕ್ಕೆ. ಪ್ರಕಾಶ್ ಕೂತ. ಗೇರು ಹಾಕಲು ಎಡಗೈ ಎತ್ತಿದರೆ ಅದು ಬಾಗಿಲಿಗೆ ಬಡಿಯಿತು. ಹೇಗೋ ಹೊರಗೆ ತಂದ. ಮೊದಲ ತಿರುವಿನಲ್ಲಿ, ನಮ್ಮೂರ ಅಭ್ಯಾಸದಂತೆ, ಎಡಬದಿಗೇ ನುಗ್ಗಿದ. ಎದುರಿನಿಂದ ಬಂದ ವ್ಯಾನು ಮೂಗಿಗೆ ಮೂಗು ತಾಗಿಸುವಷ್ಟು ಹತ್ತಿರ ನಿಂತಿತು. ಅದರಲ್ಲಿದ್ದ ಮುದುಕ ಬಯ್ಯಲಿಲ್ಲ, ಎರಡೂ ಕೈಯನ್ನು ಆಕಾಶಕ್ಕೆ ಎತ್ತಿದ, ಅಷ್ಟೆ. ಪ್ರಕಾಶ್ ಕಾರನ್ನು ಬದಿಗೆ ತಂದು ನಿಲ್ಲಿಸಿದ.

"ಒಸಿ ತಲೆ ಸುತ್ತ್‌ದಂಗಾಗ್ತೈತೆ" ಎಂದು ಇಳಿದ.

ಡೇರಿಯ ಹತ್ತಿರ ಮಾಡುವಂತೆಯೇ ಇಬ್ಬರೂ ಕಾರಿನ ಮುಂದೆ ಹಾದು ಸೀಟು ಬದಲಾಯಿಸಿಕೊಂಡರು. ವಾಪಸು ಬದಲಾಯಿಸುವ ಮಾತು ಕಾರು ಒಪ್ಪಿಸುವತನಕ ಏಳಲಿಲ್ಲ. ಮೊದಲ ಗಂಟೆ ಸುಚಿತ್ರಾಳಿಗೂ ಬೆನ್ನು ಒದ್ದೆಯಾಯಿತು. "ಬಲಕ್ಕೆ ಅಮ್ಮ, ಬಲಕ್ಕೇ" ಎಂದು ರಮ್ಯಾ ಹಿಂದಿನಿಂದ ಹೇಳುತ್ತಾ ಇದ್ದಳು. ಆಮೇಲೆ ರಸ್ತೆ ಕೈಗೆ ಹತ್ತಿತು. ಆಲಿವ್ ತೋಟಗಳ ನಡುವೆ ಏರಿ ಇಳಿಯುವ ಕಿರಿದಾದ ದಾರಿ, ಕಲ್ಲಿನ ಮನೆಗಳು, ಉತ್ತ ಹೊಲದ ವಾಸನೆ. ಈತನಕ ಅವಳು ಕಾರು ಓಡಿಸಿದ್ದೆಲ್ಲ ಯಾರನ್ನೋ ಬಿಡಲು, ಏನನ್ನೋ ತರಲು. ನೋಡುವುದಕ್ಕೆಂದು ಓಡಿಸಿದ್ದು ಇದೇ ಮೊದಲು. ಸಂಜೆ ಇಳಿದುಕೊಂಡ ತೋಟದ ಮನೆಯಲ್ಲಿ ಅನ್ನಕ್ಕಿಟ್ಟು ಸಾರು ಮಾಡಿದವಳೂ ಅವಳೇ. ದಿನವಿಡೀ ಓಡಿಸಿದವಳೇ ಅಡುಗೆಯನ್ನೂ ಮಾಡಬೇಕೆ ಎಂಬ ಪ್ರಶ್ನೆ ಆ ಮೂವರಲ್ಲಿ ಯಾರಿಗೂ ಬರಲಿಲ್ಲ, ಅವಳಿಗೂ ಬರಲಿಲ್ಲ.

ಎರಡನೆಯ ದಿನ ಒಂದು ದಿಬ್ಬದ ಮೇಲೆ ರಮ್ಯಾ ಇಳಿದು, ಕಾರಿನ ಬಲಬದಿಯಿಂದ ಫೋಟೋ ತೆಗೆದಳು. ಪ್ರಕಾಶ್ ಕಪ್ಪು ಕನ್ನಡಕ ಹಾಕಿಕೊಂಡು ಕಿಟಕಿಗೆ ಮೊಣಕೈಯೂರಿ ಮುಂದೆ ನೋಡುತ್ತಿದ್ದ. ಅವನ ಭುಜದ ಆಚೆ ಸುಚಿತ್ರಾಳ ಅರ್ಧ ಮುಖ. ಸ್ಟೇರಿಂಗ್ ಅವನ ಎದೆಯ ಮರೆಗೆ ಹೋಗಿತ್ತು. ಪ್ರಕಾಶ್ ಅದನ್ನು ಅಕ್ಕೂರಿನ ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದ. ಒಂದಕ್ಷರ ಬರೆಯಲಿಲ್ಲ.

ಬರೆಯುವ ಅಗತ್ಯವೂ ಇರಲಿಲ್ಲ. ನಮ್ಮ ಕಡೆ ಬಲಗಡೆ ಕೂತವನೇ ಓಡಿಸುವವನು.

ಮೊದಲು ಅನಂತರಾಜುವಿನ ಧ್ವನಿಸಂದೇಶ ಬಂತು. "ಏನ್ಲಾ ಪ್ರಕಾಶ, ಇಟ್ಲಿ ರೋಡೆಲ್ಲ ನಿಂದೇ ಆಗೋಯ್ತಲ್ಲೋ. ಅಲ್ಲೂ ಹಾರ್ನ್ ಮಾಡ್ಕೊಂಡೇ ಹೋಯ್ತಿದ್ದೀಯೇನ್ಲಾ?" ಆಮೇಲೆ ವರಲಕ್ಷ್ಮಮ್ಮನದು. "ಹುಸಾರಾಗಿ ಓಡ್ಸು ಮಗ. ನೋಡು ನನ್ ಸೊಸೆ, ಪಕ್ದಲ್ಲಿ ಮಾರಾಣಿ ಕೂತಂಗೆ ಕೂತವ್ಳೆ. ಪುಣ್ಯವಂತೆ."

ಮೂವರೂ ಊಟಕ್ಕೆ ಕೂತಿದ್ದರು. ಪ್ರಕಾಶ್ ನಕ್ಕು, ಕೈ ಮುಗಿದ ಚಿತ್ರವೊಂದನ್ನು ಉತ್ತರವಾಗಿ ಒತ್ತಿದ.

"ಅಪ್ಪ, ಇಲ್ಲಿ ಸ್ಟೇರಿಂಗ್ ಎಡಕ್ಕಿರುತ್ತೆ ಅಂತ ಹೇಳು" ಎಂದಳು ರಮ್ಯಾ.

"ಬುಡಮ್ಮ. ಅವ್ರಿಗೆಲ್ಲ ಅದನ್ನ ಯಾವಾಗ ಬಿಡ್ಸಿ ಹೇಳಾದು."

ರಮ್ಯಾ ತಾಯಿಯ ಕಡೆ ತಿರುಗಿದಳು. ಅವಳು ಏನು ಕೇಳುತ್ತಿದ್ದಾಳೆ ಎಂಬುದು ಸುಚಿತ್ರಾಳಿಗೆ ಗೊತ್ತಿತ್ತು.

"ಉಣ್ಣು, ಆರೋಗುತ್ತೆ" ಎಂದಳು. ನೀರಿನ ಲೋಟವನ್ನು ಮಗಳ ಕಡೆ ಸರಿಸಿದಳು.

ಊರಿಗೆ ಬಂದ ಮೇಲೆ ಆ ಸುಳ್ಳು ಇನ್ನೂ ಬೆಳೆಯಿತು. ಅನಂತರಾಜು ಚನ್ನಪಟ್ಟಣದ ಮನೆಗೆ ಬಂದು ಕೂತು, ಫೋಟೋದಲ್ಲಿದ್ದ ಆ ದಿಬ್ಬಕ್ಕೆ ಕಾರನ್ನು ಹೇಗೆ ಹತ್ತಿಸಿದೆ, ಯಾವ ಗೇರಿನಲ್ಲಿ ಎಂದು ಕೇಳಿದ. ಪ್ರಕಾಶ್ ತಡವರಿಸಿದ. ಕಾಫಿ ತಂದ ಸುಚಿತ್ರಾ ಲೋಟ ಇಡುತ್ತಾ, "ತುದಿವರೆಗೂ ಫಸ್ಟ್ ಗೇರಲ್ಲೇ ಹತ್ತಿಸಿದ್ರು ಇವರು" ಎಂದುಬಿಟ್ಟಳು. ಯಾರೂ ಅವಳನ್ನು ಕೇಳಿರಲಿಲ್ಲ. ಗಂಡನ ಶರ್ಟಿನ ಗುಂಡಿ ಬಿದ್ದದ್ದು ಕಂಡರೆ ಕೈ ತಾನಾಗಿ ಸೂಜಿಗೆ ಹೋಗುತ್ತದಲ್ಲ, ಹಾಗೆ ಅವನ ಸುಳ್ಳಿನಲ್ಲಿ ತೂತು ಕಂಡಿತ್ತು, ಹೊಲಿದಿದ್ದಳು. ರಮ್ಯಾ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಆ ದಿನವೆಲ್ಲ ಸುಚಿತ್ರಾ ಮಗಳ ಮುಖ ನೋಡದೆ ಕೆಲಸ ಮಾಡಿದಳು. ಗಂಡ ಸುಳ್ಳು ಹೇಳಿದ್ದಕ್ಕಿಂತ ತಾನು ಅದನ್ನು ಅಷ್ಟು ಚೆನ್ನಾಗಿ ಹೊಲಿದದ್ದು ಅವಳನ್ನು ಚುಚ್ಚುತ್ತಿತ್ತು.

ಹರಕೆ ತೀರಿಸಲು ಕಬ್ಬಾಳಿಗೆ ಹೊರಟದ್ದು ಒಂದು ಭಾನುವಾರ. ಅಕ್ಕೂರಿಗೆ ಹೋಗುವಾಗ ಎಂದಿನಂತೆ ಡೇರಿಯ ಹತ್ತಿರ ಸೀಟು ಬದಲಾಯಿತು. ಅಲ್ಲಿಂದ ಎಲ್ಲರೂ ಅನಂತರಾಜುವಿನ ಗಾಡಿಯಲ್ಲಿ ಹೋದರು. "ಇವತ್ತು ನಾನ್ ಓಡುಸ್ತೀನಿ ಬಾರಪ್ಪ ಇಟ್ಲಿ ಡ್ರೈವರು. ನೀನ್ ಕೂತು ನಮ್ ರೋಡ್ ಗುಂಡಿಗೋಳ ಲೆಕ್ಕ ಹಾಕು" ಎಂದ ಅವನು.

ಗುಡಿಯಲ್ಲಿ ಜನವಿತ್ತು. ಸರದಿ ಬಂದಾಗ ವರಲಕ್ಷ್ಮಮ್ಮ ಹಣ್ಣುಕಾಯಿಯ ತಟ್ಟೆ ಒಪ್ಪಿಸಿ, "ಪರದೇಸದಲ್ಲಿ ಗಾಡಿ ಓಡ್ಸಿ ಎಲ್ಲಾರ್ನೂ ಸುಖವಾಗಿ ಕರ್ಕೊಬಂದೋರ ಹೆಸ್ರಲ್ಲಿ ಅರ್ಚನೆ ಮಾಡಪ್ಪ" ಎಂದರು. ಪೂಜಾರಿ ತಟ್ಟೆ ಹಿಡಿದು, "ಹೆಸರು, ನಕ್ಷತ್ರ ಹೇಳಿ" ಎಂದ.

ಈ ಮನೆಗೆ ಬಂದಾಗಿನಿಂದ ಪೂಜಾರಿಗಳಿಗೆ ಉತ್ತರ ಕೊಡುವುದು ಸುಚಿತ್ರಾಳ ಕೆಲಸ. ಎಲ್ಲರೂ ಅವಳ ಕಡೆ ನೋಡಿದರು. ರಮ್ಯಾಳೂ ನೋಡಿದಳು. ಬಾಯಿಗೆ ಬಂದದ್ದು ಪ್ರಕಾಶನ ಹೆಸರೇ. ಗರ್ಭಗುಡಿಯಲ್ಲಿ ಕಬ್ಬಾಳಮ್ಮ, ಪಕ್ಕದಲ್ಲಿ ಮಗಳು. ದೇವರ ಮುಂದೆ ಸುಳ್ಳು ಹೇಳಿ ತಪ್ಪುಕಾಣಿಕೆ ಹಾಕಿ ಬರಬಹುದು, ಮಗಳಿಗೆ ಅದನ್ನು ಎಲ್ಲಿ ಹಾಕುವುದು?

"ಸುಚಿತ್ರಾ" ಎಂದಳು.

"ನಿನ್ ಹೆಸ್ರಲ್ಲ ಕಣವ್ವ. ಗಾಡಿ ಓಡಿಸ್ದೋನ್ ಹೆಸ್ರು ಕೇಳ್ತಾವ್ರೆ."

"ಓಡಿಸಿದ್ದು ನಾನೇ ಅತ್ತೆ. ಆ ದೇಶದಲ್ಲಿ ಸ್ಟೇರಿಂಗು ಎಡಕ್ಕಿರುತ್ತೆ. ಫೋಟೋದಲ್ಲಿ ಇವರು ಸುಮ್ನೆ ಕೂತಿರೋದು." ಅನಂತರಾಜುವಿನ ಕಡೆ ತಿರುಗಿ, "ಅವತ್ತು ಕಾಫಿ ಕೊಡುವಾಗ ನಿಮಗೆ ಸುಳ್ಳು ಹೇಳಿದೆ" ಎಂದೂ ಸೇರಿಸಿದಳು.

ಅನಂತರಾಜು ಪ್ರಕಾಶನನ್ನು ನೋಡಿದ. ಪ್ರಕಾಶ್ ಕಂಬದ ಮೇಲಿನ ಗಂಟೆಯನ್ನು ನೋಡುತ್ತಿದ್ದ, ಅವನ ಕಿವಿ ಕೆಂಪಾಗಿತ್ತು. "ಅದನ್ನ ಇಲ್ಲೇ ಹೇಳ್ಬೇಕಿತ್ತೇನವ್ವ" ಎಂದರು ವರಲಕ್ಷ್ಮಮ್ಮ, ಬಹಳ ಮೆತ್ತಗೆ.

ಹಿಂದಿನವರು ತಳ್ಳುತ್ತಿದ್ದರು. "ನಕ್ಷತ್ರ ಯಾವ್ದಮ್ಮ?" ಎಂದ ಪೂಜಾರಿ.

ಪ್ರಕಾಶನದು ಉತ್ತರಾಷಾಢ. ರಮ್ಯಾಳದು ಸ್ವಾತಿ. ಅತ್ತೆಯದು ಅನೂರಾಧಾ. ತನ್ನದು? ಮದುವೆಗೆ ಮುಂಚೆ ಜಾತಕ ನೋಡಿದಾಗ ಅಪ್ಪ ಹೇಳಿದ್ದರು, ಹಸ್ತವೋ ಚಿತ್ತೆಯೋ. ಆಮೇಲೆ ಯಾವ ಗುಡಿಯಲ್ಲೂ ಅದನ್ನು ಹೇಳುವ ಪ್ರಸಂಗ ಬರಲಿಲ್ಲ, 'ಕುಟುಂಬದವರು' ಎಂಬ ಮಾತಿನಲ್ಲೇ ಅವಳು ಸೇರಿಹೋಗುತ್ತಿದ್ದಳು. ಅವಳು ಗಂಡನನ್ನು ನೋಡಿದಳು. ಅವನೂ ತಲೆ ಆಡಿಸಿದ, ಗೊತ್ತಿಲ್ಲವೆಂದು. ಸುಳ್ಳು ಒಪ್ಪಿಕೊಂಡಾಗಲೂ ಆಗದಷ್ಟು ನಾಚಿಕೆ ಈಗ ಆಯಿತು.

"ಗೊತ್ತಿಲ್ಲ ಸ್ವಾಮಿ."

ವರಲಕ್ಷ್ಮಮ್ಮ ಸೊಸೆಯನ್ನೇ ನೋಡಿದರು. ತಮ್ಮ ನಕ್ಷತ್ರವನ್ನು ಇವಳಿಲ್ಲದಿದ್ದರೆ ಇಲ್ಲಿ ಯಾರು ಹೇಳುತ್ತಿದ್ದರು ಎಂದು ಯೋಚಿಸಿದರೋ ಏನೋ.

"ಹೆಸ್ರೊಂದ್ಕೇ ಮಾಡಪ್ಪ" ಎಂದರು.

ಪೂಜಾರಿ ಹೂ ಹಿಡಿದು ಗಟ್ಟಿಯಾಗಿ ಸುಚಿತ್ರಾಳ ಹೆಸರು ಕೂಗಿದ. ಅವಳು ತಲೆಯೆತ್ತಲಿಲ್ಲ. ರಮ್ಯಾ ಸರಿದು ಬಂದು ಅವಳಿಗೆ ಅಂಟಿಕೊಂಡು ನಿಂತಳು.