ಜಯಮ್ಮ ಅತ್ತದ್ದು ಊರಿಗಲ್ಲ

ಜಯಮ್ಮನ ಕಣ್ಣೀರಿಗೆ ನಾನು ಸುಳ್ಳು ಅರ್ಥ ಕಟ್ಟಿದೆ. ತಿಳಿಯದೆ ಅಲ್ಲ — ತಿಳಿದೇ.

ನಾನು ವಿಶ್ವವಿದ್ಯಾಲಯದಲ್ಲಿ ಮಾಧ್ಯಮ ಮತ್ತು ಸಂವಹನ ಕಲಿಸುವವಳು. ಬಡಾವಣೆಗಳಾಗಿ ಹೋದ ಹಳ್ಳಿಗಳ ಜನ ತಮ್ಮನ್ನು ತಾವು ಯಾರೆಂದುಕೊಳ್ಳುತ್ತಾರೆ ಎಂಬುದು ನನ್ನ ಸಂಶೋಧನೆ. ಅದಕ್ಕಾಗಿ ಉತ್ತರಹಳ್ಳಿಯ ಆಚೆ ಅಂಥದೊಂದು ಊರಿನಲ್ಲಿ ಸಾಕ್ಷ್ಯಚಿತ್ರ ತೆಗೆದೆ. ಹಿಂದೆ ರಾಗಿ ಬೆಳೆಯುತ್ತಿದ್ದ, ಈಗ ಮನೆಗಳನ್ನು ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದ ಜಯಮ್ಮನನ್ನು ಕ್ಯಾಮೆರಾ ಮುಂದೆ ಕೂರಿಸಿ ಕೇಳಿದೆ: "ಹಳೇ ಊರು ಹೋಯ್ತಲ್ಲಮ್ಮ, ಬೇಜಾರಾಗಲ್ವಾ?"

"ಹೋಗ್ಲಿ ಬಿಡಿ ಮೇಡಂ, ಒಳ್ಳೇದೇ ಆಯ್ತು. ಹೆರಿಗೆ ನೋವಲ್ಲಿ ನನ್ನ ತಂಗಿ ಒದ್ದಾಡ್ತಿದ್ರೆ, ಮನೆ ಹೆಣ್ಣು ಆಸ್ಪತ್ರೆ ಮೆಟ್ಲು ಹತ್ತಬಾರ್ದು ಅಂತ ತಡೆದಿದ್ದು ಅದೇ ಊರು..." ಜಯಮ್ಮ ಅತ್ತುಬಿಟ್ಟರು. ಸೆರಗಿನಿಂದ ಕಣ್ಣೊರೆಸಿಕೊಂಡರು.

ನನಗೆ ಬೇಕಿದ್ದದ್ದು ಕಳೆದುಹೋದ ಹಳ್ಳಿಗಾಗಿ ಅಳುವ ಹೆಂಗಸು. ಮಾತನ್ನು ಕತ್ತರಿಸಿದೆ, ಅಳುವನ್ನು ಉಳಿಸಿಕೊಂಡೆ, ಮೇಲೆ ನನ್ನದೇ ದನಿ ಸೇರಿಸಿದೆ — "ಮರಳಿ ಬಾರದ ಊರಿಗಾಗಿ ಈ ಕಣ್ಣೀರು." ಚಿತ್ರಕ್ಕೆ ಹೆಸರು ಬಂತು. ನನಗೆ ಬಡ್ತಿ ಬಂತು.

ಮಗಳ ಮೊಬೈಲಿನಲ್ಲಿ ಅದನ್ನು ನೋಡಿದ ಜಯಮ್ಮ ಜಯನಗರದ ನನ್ನ ಮನೆಗೇ ಬಂದರು. "ನಾನು ಅತ್ತಿದ್ದು ತಂಗಿಗೋಸ್ಕರ ಮೇಡಂ. ಅವಳನ್ನ ಕೊಂದ ಊರಿಗೋಸ್ಕರ ನಾನ್ಯಾಕೆ ಅಳ್ಲಿ?"

ಬಾಗಿಲಲ್ಲೇ ನಿಲ್ಲಿಸಿ ಹೇಳಿದೆ: "ಇದೆಲ್ಲ ಸಂಶೋಧನೆ ಅಮ್ಮ, ನಿಮಗೆ ಅರ್ಥ ಆಗಲ್ಲ."

ಆ ಮಾತಾಡಿದ ಬಾಯಿಂದಲೇ ಮರುದಿನ ತರಗತಿಯಲ್ಲಿ, ದನಿಯಿಲ್ಲದವರಿಗೆ ದನಿಯಾಗುವ ಬಗ್ಗೆ — ಹೇಗೆ ಪಾಠ ಮಾಡಿದೆನೋ.

ವರ್ಷಗಟ್ಟಲೆ ಆ ಚಿತ್ರವನ್ನು ತೋರಿಸುತ್ತಲೇ ಬಂದೆ. ಈ ಸಲ ವಿದ್ಯಾರ್ಥಿನಿಯೊಬ್ಬಳು ಅದನ್ನೇ ಆಧಾರವಾಗಿಟ್ಟುಕೊಂಡು, ಹಳ್ಳಿಯ ಹೆಂಗಸರು ಹಳೆಯ ಕಟ್ಟುಪಾಡುಗಳನ್ನೇ ಬಯಸುತ್ತಾರೆ ಎಂದು ಬರೆದು ತಂದಳು. ನನ್ನ ಸುಳ್ಳು ಮರಿ ಹಾಕಿತ್ತು. ಮರುದಿನವೇ ಕತ್ತರಿಸದ ದೃಶ್ಯವನ್ನು ಇಡೀ ತರಗತಿಗೆ ತೋರಿಸಿ, ನಾನು ಮಾಡಿದ್ದೇನೆಂದು ಹೇಳಿದೆ.

ವಿಭಾಗದ ಮುಖ್ಯಸ್ಥರು ಕರೆಸಿದರು. "ಈಗ್ಯಾಕೆ ಮೇಡಂ ಇದೆಲ್ಲ? ಡಿಪಾರ್ಟ್‌ಮೆಂಟ್ ಮರ್ಯಾದೆ ಹೋಗುತ್ತೆ. ಯಾರಿಗ್ ಗೊತ್ತಿತ್ತು?"

"ಜಯಮ್ಮನಿಗೆ ಗೊತ್ತಿತ್ತು ಸಾರ್. ನೋಟಿಸ್ ಕೊಡೋದಾದ್ರೆ ಕೊಡಿ."

ಅಲ್ಲಿಂದ ನೇರ ಜಯಮ್ಮನ ಮನೆಗೆ ಹೋದೆ. ಅವರು ಕೂತ್ಕೊಳ್ಳಿ ಎನ್ನಲಿಲ್ಲ. ಚಿತ್ರವನ್ನು ಅಂತರ್ಜಾಲದಿಂದಲೇ ತೆಗೆಸಿಬಿಡುತ್ತೇನೆ ಎಂದೆ.

"ತೆಗೀಬೇಡಿ. ನಾನು ಹೇಳಿದ್ದನ್ನ ಹಾಕಿ. ತಂಗಿ ಹೆಸ್ರು ಪುಟ್ಟಲಕ್ಷ್ಮಿ. ಅದನ್ನೂ ಹಾಕಿ."

ಹಾಕಿದ್ದೇನೆ. ಕತ್ತರಿಸಿದ್ದು ಯಾರು ಎಂದೂ ಹಾಕಿದ್ದೇನೆ. ಯಾರು ಹೇಳಿದರೂ ಇನ್ನು ತೆಗೆಯುವುದಿಲ್ಲ.