ಸದ್ದು ಮಾಡದ ಮಷೀನು

ಗೆಳೆಯರೇ, ಚಳ್ಳಕೆರೆಯ ನಮ್ಮ ವರ್ಕ್‌ಶಾಪಿನ ಸಿಎನ್‌ಸಿ ಮಷೀನು ಬಾಗಿಲಿಗೆ ಹೂವು ಕೆತ್ತುವಾಗ ಪ್ರತಿ ತಿರುವಿನಲ್ಲೂ ಅದುರಿ, ಎಸಳಿನ ಅಂಚು ಒರಟಾಗುತ್ತಿತ್ತು. ಇವತ್ತು ಅದರ ವೇಗ ಏರಿಳಿಯುವ ಸೆಟ್ಟಿಂಗ್ ತಿದ್ದಿ ತಿದ್ದಿ ಕೊನೆಗೂ ನಯವಾಗಿ ಓಡಿಸಿದೆ. ಅಷ್ಟರಲ್ಲಿ ಬಾಗಿಲು ಮಾಡಲು ಕೊಟ್ಟಿದ್ದ ಮೊಳಕಾಲ್ಮೂರಿನ ಗಿರಾಕಿ ಬಂದರು.

"ಏನ್ರಿ, ಸದ್ದೇ ಇಲ್ಲ. ಕೆತ್ತತೈತೋ, ಬರೇ ಸವರತೈತೋ? ನಮ್ಮೂರಾಗೆ ಮಗ್ಗ ಸುಮ್ನಾದ್ರೆ ಕೆಲ್ಸ ನಿಂತೈತೆ ಅಂತ. ಬ್ಯಾಡ ಬಿಡ್ರಿ, ಆಚಾರಿ ಹತ್ರ ಮಾಡಿಸ್ಕೊಂತೀನಿ."

ಮಾಲೀಕರು ನನ್ನ ಕಿವಿಯಲ್ಲಿ, "ಲೇ, ಹಳೇ ಸೆಟ್ಟಿಂಗೇ ಹಾಕು" ಎಂದರು. ಹಾಕಿದೆ. ಮಷೀನು ಗಡಗಡ ಅದುರಿತು.

"ಈಗ ನೋಡ್ರಿ, ದುಡೀತೈತೆ" ಎಂದು ಗಿರಾಕಿ ಕುರ್ಚಿ ಎಳೆದುಕೊಂಡು ಕೂತರು.

ಊಟಕ್ಕೆ ಎದ್ದು ಹೋದರೆ ಉಳಿದ ಎಸಳುಗಳನ್ನಾದರೂ ನಯವಾಗಿ ಕೆತ್ತೋಣವೆಂದು ಕಾದೆ. ಅವರು ಬುತ್ತಿ ತಂದಿದ್ದರು.